ಬಗ್ಗಿ ನೋಡದ ಜಾಡು

ಕಲ್ಲಿನ ಮೇಲೆ ಗಂಡನ ಹೆಸರೊಂದನ್ನೇ ಕೆತ್ತು, ನನ್ನದು ಬೇಡ ಎಂದು ಸೈಮಿ ಹೇಳಿದಾಗ, ಕಲ್ಲು ಕೆತ್ತುವವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವಳ ಮುಖವನ್ನೇ ನೋಡಿದ. ಆ ಸೀಮೆಯಲ್ಲಿ ಯಾವ ಹೆಂಡತಿಯೂ ಹಾಗೆ ಹೇಳುವುದಿಲ್ಲ. ಗಂಡ ಸತ್ತರೆ ಅವನ ಹೆಸರಿನ ಕೆಳಗೆ ಅವಳ ಹೆಸರನ್ನೂ ಹುಟ್ಟಿದ ವರ್ಷವನ್ನೂ ಆಗಲೇ ಕೆತ್ತಿಸಿಬಿಡುತ್ತಾರೆ. ಸಾಯುವ ವರ್ಷಕ್ಕೆ ಜಾಗ ಬಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಹೂಗಿಡಕ್ಕೆ ನೀರು ಹಾಕಲು ಹೋದ ಹೆಂಗಸರು ತಮ್ಮ ಹೆಸರಿಗೆ ಹಿಡಿದ ಪಾಚಿಯನ್ನು ತಾವೇ ಉಜ್ಜಿ ಬರುತ್ತಾರೆ. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ.

"ಮುಂದೆ ಮನಸ್ಸು ಬದಲಾದ್ರೆ?" ಎಂದು ಅವನು ಕೇಳಿದ.

"ಬದಲಾಗಲ್ಲ," ಎಂದಳು ಸೈಮಿ.

ಸುದ್ದಿ ಕುರ್ಕಿವಾರಾ ಊರನ್ನೆಲ್ಲ ಸುತ್ತಿತು. ಅವಳ ಗಂಡ ಆರ್ಮಸ್ ಬೇಕೆಂದೇ ಸತ್ತ ಎಂದು ಅಲ್ಲಿಯವರೆಗೆ ಪಿಸುಗುಟ್ಟುತ್ತಿದ್ದವರು ಅಂದಿನಿಂದ ಅಂಗಡಿಯ ಕಟ್ಟೆಯ ಮೇಲೆ ಕೂತೇ ಆಡತೊಡಗಿದರು. ಜೊತೆಗೆ ಬಾಳಿದವಳೇ ಅವನ ಪಕ್ಕ ಮಲಗಲು ಒಲ್ಲೆ ಎಂದ ಮೇಲೆ ಇನ್ನು ಅನುಮಾನ ಯಾಕೆ?

ಆರ್ಮಸ್ ಹುಟ್ಟಿದ್ದು ಯುದ್ಧ ಶುರುವಾದ ಚಳಿಗಾಲದಲ್ಲಿ. ಕುರ್ಕಿವಾರಾ ಇರುವುದು ಫಿನ್ನರ ನಾಡಿನ ಪೂರ್ವದ ಅಂಚಿಗೆ, ರಷ್ಯದ ಗಡಿಗೆ ಹತ್ತಿರ. ಯುದ್ಧಕ್ಕೆ ಹೋದ ಅಪ್ಪ ಪೆಟ್ಟಿಗೆಯಲ್ಲಿ ವಾಪಸು ಬಂದ. ಮಗುವನ್ನು ಬೆಳೆಸಿದ್ದು ಅಣ್ಣ ನೀಲೊ. ನೀಲೊ ಆಗಲೇ ಮರ ಕಡಿಯುವವರ ಜೊತೆ ಕಾಡಿಗೆ ಹೋಗುತ್ತಿದ್ದ. ಹಿಮದ ಮೇಲಿನ ಹೆಜ್ಜೆ ಓದುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಮೊಲ ಯಾವಾಗ ಹೋಯಿತು, ನರಿಗೆ ಯಾವ ಕಾಲು ಕುಂಟು, ತೋಳ ಒಂದೇ ಬಂತೋ ಒಂದರ ಹೆಜ್ಜೆಯಲ್ಲಿ ಇನ್ನೊಂದು ಇಟ್ಟುಕೊಂಡು ಹಿಂಡೇ ಬಂತೋ, ಎಲ್ಲವನ್ನೂ ನಿಂತಲ್ಲೇ ಹೇಳುತ್ತಿದ್ದ. ತಮ್ಮನಿಗೂ ಕಲಿಸಲು ನೋಡಿದ. ಆರ್ಮಸ್‌ಗೆ ಅದು ಹತ್ತಲಿಲ್ಲ. ಅವನ ಕಿವಿ ಇಂಜಿನ್ನಿನ ಕಡೆ. ಸೈನ್ಯದಲ್ಲಿ ಲಾರಿ ಓಡಿಸಲು ಕಲಿತು, ಬಂದವನೇ ಡೈರಿಯ ಹಾಲಿನ ಲಾರಿ ಹತ್ತಿದ. ಸೀಟಿನಿಂದ ಇಳಿಯುವ ಹೊತ್ತಿಗೆ ತಲೆ ನರೆತಿತ್ತು.

ಆ ಕಾಲದಲ್ಲಿ ಪ್ರತಿ ಮನೆಯ ಹಾದಿ ರಸ್ತೆಗೆ ಸೇರುವ ಕಡೆ ಹಲಗೆಯ ಹಾಲುಕಟ್ಟೆ ಇರುತ್ತಿತ್ತು. ಹೆಂಗಸರು ಕತ್ತಲಲ್ಲೇ ಕರೆದು, ಕ್ಯಾನು ತಂದು ಕಟ್ಟೆಯ ಮೇಲೆ ಇಡುತ್ತಿದ್ದರು. ಆರ್ಮಸ್ ಎತ್ತಿಕೊಂಡು ಹೋಗುತ್ತಿದ್ದ. ಕ್ಯಾನಿನ ಪಕ್ಕ ಒಂದು ಚೀಟಿಯೋ ಖಾಲಿ ಶೀಶೆಯೋ ಇದ್ದರೆ ಸಂಜೆ ಆ ಕಟ್ಟೆಯ ಮೇಲೆ ಔಷಧಿಯೋ ಹೊಲಿಗೆಯ ದಾರವೋ ಬಂದು ಕೂತಿರುತ್ತಿತ್ತು. ಮಾತು ಕಡಿಮೆ. ಯಾರ ಹಸು ಬತ್ತಿತು, ಯಾರ ಮನೆಯಲ್ಲಿ ಜಗಳ, ಕ್ಯಾನಿನ ಭಾರದಿಂದಲೇ ಅವನಿಗೆ ತಿಳಿಯುತ್ತಿತ್ತು. ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸಿದವನಲ್ಲ.

ಸೈಮಿ ದೊಡ್ಡಮನೆಯೊಂದರಲ್ಲಿ ಹಾಲು ಕರೆಯುವ ಕೆಲಸಕ್ಕಿದ್ದಳು. ಓದು ಅಷ್ಟಕ್ಕಷ್ಟೇ. ಕಟ್ಟೆಯ ಹತ್ತಿರ ಕ್ಯಾನು ಹಿಡಿದು ನಿಂತವಳನ್ನು ಅವನು ಒಂದು ಚಳಿಗಾಲವಿಡೀ ನೋಡಿದ. ವಸಂತ ಬರುವ ಮೊದಲು ಕೇಳಿದ. ಅವಳು ಹೂಂ ಅಂದಳು. ಮದುವೆಯಾದ ವರ್ಷ, ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ, ಯಾರದೋ ಹಳೆಯ ಕಾರು ತಂದು ಅವಳಿಗೆ ಓಡಿಸಲು ಕಲಿಸಿದ. ಗಾಡಿ ಕಲಿಯುವವರೆಲ್ಲ ಮೊದಲು ಕೆರೆಯ ಮೇಲೇ ಕಲಿಯುವುದು. ಅಲ್ಲಿ ಗುದ್ದಲು ಏನೂ ಇಲ್ಲ.

ಅವಳು ಬ್ರೇಕು ತುಳಿದ ಕೂಡಲೇ ಚಕ್ರಗಳು ಜಾಮ್ ಆಗಿ ಕಾರು ಬುಗುರಿಯ ಹಾಗೆ ತಿರುಗಿತು. ಆರ್ಮಸ್ ನಕ್ಕ.

"ಒತ್ಕೊಂಡು ಕೂರ್ಬೇಡ ಕಣೆ. ಹಾಲು ಕರೆದ ಹಾಗೆ. ಒತ್ತು, ಬಿಡು. ಒತ್ತು, ಬಿಡು."

ಅದು ಅವಳ ಕೈಗೆ ಗೊತ್ತಿದ್ದ ಕೆಲಸ. ಕಾಲಿಗೂ ಬಂತು. ಮುಂದೆ ಊರಿನ ಅರ್ಧ ಜನಕ್ಕೆ ಆರ್ಮಸ್ ಹೀಗೆಯೇ ಕಲಿಸಿದ. ಗಂಡಸರು ಚರಂಡಿಗೆ ಬೀಳುವುದು ಕೆಚ್ಚಲು ಹಿಡಿದು ಗೊತ್ತಿಲ್ಲದ್ದಕ್ಕೆ ಎಂದು ಹಂಗಿಸುತ್ತಿದ್ದ. ಅವನ ಲಾರಿ ಒಮ್ಮೆಯೂ ರಸ್ತೆ ಬಿಟ್ಟು ಇಳಿಯಲಿಲ್ಲ.

ಅವರಿಗೆ ಮಕ್ಕಳು ಉಳಿಯಲಿಲ್ಲ. ಎರಡು ಹುಟ್ಟಿದವು, ಎರಡೂ ಹೋದವು. ಅದರ ಮಾತು ಅವರಿಬ್ಬರೂ ಆಡುತ್ತಿರಲಿಲ್ಲ. ಒಂದಷ್ಟು ಹಸು ಕಟ್ಟಿದರು. ಅವಳು ಕರೆದಳು, ಅವನು ಸಾಗಿಸಿದ. ಹಾಗೆಯೇ ವಯಸ್ಸಾಯಿತು.

ಆಮೇಲೆ ಹಸುಗಳ ಕಾಲ ಮುಗಿಯಿತು. ಚಿಕ್ಕ ಹಿಡುವಳಿಯವರು ಹಸು ಬಿಡಿ ಎಂದು ಸರ್ಕಾರವೇ ಹೇಳತೊಡಗಿತು. ಒಂದೊಂದೇ ಹಾಲುಕಟ್ಟೆ ಖಾಲಿ ಬಿತ್ತು. ಸೈಮಿಯ ಹಸುಗಳನ್ನು ಒಯ್ಯುವ ಲಾರಿ ಬಂದ ದಿನ ಆರ್ಮಸ್ ಮನೆಯ ಹಿಂದೆ ಸೌದೆ ಒಡೆಯುತ್ತಿದ್ದ. ಒಡೆದು ಮುಗಿದ ಸೌದೆಯನ್ನೇ ಮತ್ತೆ ಒಡೆದ. ಮರುವರ್ಷ ಅವನ ದಾರಿಯನ್ನೂ ಡೈರಿ ಮುಚ್ಚಿತು. ಕೇಕು ಕತ್ತರಿಸಿ, ಒಂದು ಕೈಗಡಿಯಾರ ಕೊಟ್ಟು ಮನೆಗೆ ಕಳಿಸಿದರು.

ಕೆಲಸ ಹೋದ ಶರತ್ಕಾಲದಲ್ಲಿ ಅವನು ಒಂದು ಕಾರು ತಂದ. ಜನ್ಮದಲ್ಲಿ ಮೊದಲ ಸಲ ಹೊಸ ಕಾರು. ನೀಲೊ ಬಂದು ಸುತ್ತ ಒಂದು ಸುತ್ತು ಹಾಕಿ, ಹಾಲಿಲ್ಲ, ಹಸುವಿಲ್ಲ, ಗಾಡಿ ಮಾತ್ರ ಮಂತ್ರಿಯದು ಎಂದು ಚುಚ್ಚಿ ಹೋದ. ಅದರ ಬ್ರೇಕು ಹೊಸ ಬಗೆಯದು. ಎ.ಬಿ.ಎಸ್. ಎಂದು ಅದರ ಹೆಸರು. ಎಷ್ಟೇ ಒತ್ತಿದರೂ ಚಕ್ರ ಜಾಮ್ ಆಗುವುದಿಲ್ಲ. ಯಂತ್ರ ತಾನೇ ಹಿಡಿಯುತ್ತದೆ, ತಾನೇ ಬಿಡುತ್ತದೆ. ಊರಿನಲ್ಲಿ ಅಂಥದ್ದು ಅದೇ ಮೊದಲು.

ರಸ್ತೆ ಮೊದಲ ಸಲ ಹೆಪ್ಪುಗಟ್ಟಿದ ದಿನ ಯಾರೂ ಇಲ್ಲದ ಕಡೆ ಒಮ್ಮೆ ಬ್ರೇಕು ತುಳಿದು ನೋಡುವುದು ಅಲ್ಲಿನ ಡ್ರೈವರುಗಳ ಪದ್ಧತಿ. ನೆಲ ಎಷ್ಟು ಹಿಡಿಯುತ್ತದೆ ಎಂದು ಕಾಲಿಗೆ ತಿಳಿದಿರಬೇಕು. ಆರ್ಮಸ್ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ತುಳಿದ. ಕೆಳಗಿನಿಂದ ದಡದಡ ಸದ್ದು ಬಂತು. ಕಾರು ನೆಟ್ಟಗೆ ಹೋಗಿ ನಿಂತಿತು.

"ಕರು ಗುದ್ದಿದ ಹಾಗೆ ಗುದ್ದುತ್ತೆ ಕಣೆ ಪೆಡಲು," ಎಂದ. "ಹೆದರ್ಕೊಂಡು ಕಾಲು ತೆಗೀಬಾರ್ದು. ಒತ್ಕೊಂಡೇ ಇರ್ಬೇಕು."

"ಇಷ್ಟು ವರ್ಷ ಒತ್ತು ಬಿಡು ಅಂತಿದ್ದೋನು ನೀನೇ ಅಲ್ವಾ?"

"ಬಿಡೋ ಕೆಲ್ಸ ಈಗ ಅದರದ್ದು." ಕಾರನ್ನು ಮತ್ತೆ ಹೊರಡಿಸುತ್ತ, "ಈಗೀಗ ಎಲ್ಲಾ ಕೆಲ್ಸನೂ ಬೇರೆಯವ್ರೇ ಮಾಡ್ತಾರೆ," ಎಂದ.

ಇಬ್ಬರೂ ಇಳಿದು ಹಿಂದೆ ನೋಡಲಿಲ್ಲ. ನೋಡಬೇಕೆಂದು ಯಾರಿಗೆ ತೋಚುತ್ತದೆ?

ಅವನ ಮೌನ ಹೆಚ್ಚಿತು. ಬೆಳಗಿನ ಹೊತ್ತು ಹಾದಿಯ ತುದಿಗೆ ಹೋಗಿ ತಮ್ಮದೇ ಖಾಲಿ ಹಾಲುಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದ. ರಸ್ತೆಯಲ್ಲಿ ಹೋಗುವವರು ಕೈ ಎತ್ತಿದರೆ ಎತ್ತುತ್ತಿದ್ದ. ಕೆಲವರು ಕೈ ಎತ್ತುವುದನ್ನೂ ಬಿಟ್ಟರು. ನೋಡಲು ಸಂಕಟವಾಗುತ್ತಿತ್ತು ಎಂದು ಆಮೇಲೆ ಹೇಳಿದರು.

ಸಾಯುವ ಹಿಂದಿನ ದಿನ ಸಂಜೆ ಅವನು ಕೆರೆಯ ಮಂಜುಗಡ್ಡೆ ಕೊರೆದು ಕೆಳಗೆ ಬಲೆ ಬಿಟ್ಟು ಬಂದ. ಮನೆಯ ಉಗಿಕೋಣೆ ಸೌನಾದ ಬಿಸಿಯಲ್ಲಿ ಕೂತು ಮೈ ತೊಳೆದುಕೊಂಡ. ಬೆಳಗ್ಗೆ ಎದ್ದು ಗಂಜಿ ಕುಡಿದು, ಪಟ್ಟಣದ ಅಂಗಡಿಯಲ್ಲಿ ಮಾಡಲು ಕೊಟ್ಟಿದ್ದ ಕನ್ನಡಕ ತರುತ್ತೇನೆ ಎಂದು ಹೊರಟ. ಏನಾದ್ರೂ ಬೇಕಾ ಎಂದು ಕೇಳಿದ. ಬೇಡ ಎಂದಳು. ಅಷ್ಟೇ.

ಊರಾಚೆಯ ಇಳಿಜಾರಿನ ಕೆಳಗೆ ಮರದ ದಿಮ್ಮಿ ತುಂಬಿದ ಲಾರಿಯೊಂದು ಜಾರಿ ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತ್ತು. ಅದರ ಡ್ರೈವರು ಆಚೆ ಬದಿಯಲ್ಲಿ ಮಂಡಿಯೂರಿ ಚಕ್ರಕ್ಕೆ ಜಾರದ ಹಾಗೆ ಸರಪಳಿ ಕಟ್ಟುತ್ತಿದ್ದ. ಅವನು ಏನೂ ನೋಡಲಿಲ್ಲ, ಸದ್ದು ಕೇಳಿದ. ಆರ್ಮಸ್‌ನ ಕಾರು ದಿಮ್ಮಿಗಳ ತುದಿಗೆ ಹೋಗಿ ಹೊಕ್ಕಿತ್ತು. ದಿಮ್ಮಿ ಗಾಜು ಒಡೆದು ಎದೆಯವರೆಗೆ ಬಂದಿತ್ತು. ಆಸ್ಪತ್ರೆಗೆ ಒಯ್ಯುವ ಪ್ರಶ್ನೆಯೇ ಇರಲಿಲ್ಲ.

ಮೊದಲು ಬಂದವರು ಊರಿನವರು. ನೀಲೊನನ್ನು ಕರೆತಂದರು. ಅಂಥ ಕಡೆ ಅವನು ಬಾಯಿ ಬಿಡುವವರೆಗೆ ಬೇರೆಯವರು ಮಾತಾಡುವುದಿಲ್ಲ. ಅವನು ತಮ್ಮನ ಹತ್ತಿರ ನಿಂತ. ಆಮೇಲೆ ರಸ್ತೆಯ ಅಂಚು ಹಿಡಿದು ಇಳಿಜಾರಿನ ತಲೆಯವರೆಗೆ ನಡೆದುಹೋದ, ಹಾಗೆಯೇ ಇಳಿದುಬಂದ. ಚಳಿಗಾಲದಲ್ಲಿ ಅಲ್ಲಿ ಎಲ್ಲರ ಟಯರಿಗೂ ಹಿಡಿತಕ್ಕೆಂದು ಕೂರಿಸಿದ ಸಣ್ಣ ಮೊಳೆ ಇರುತ್ತದೆ. ಚಕ್ರ ಜಾಮ್ ಆಗಿ ಜಾರಿದರೆ ಮೊಳೆಗಳು ಗಡ್ಡೆಯ ಮೇಲೆ ಬಾಚಣಿಗೆ ಎಳೆದ ಹಾಗೆ ಉದ್ದ ಗೀರು ಬಿಡುತ್ತವೆ. ಅದನ್ನು ಯಾರು ಬೇಕಾದರೂ ಗುರುತಿಸಬಹುದು.

"ಬ್ರೇಕಿನ ಗುರುತಿಲ್ಲ," ಎಂದ ನೀಲೊ. ಅಷ್ಟೇ ಹೇಳಿದ್ದು. ಉಳಿದದ್ದನ್ನು ಊರು ಹೇಳಿಕೊಂಡಿತು.

ಪೊಲೀಸರು ಬರುವ ಹೊತ್ತಿಗೆ ಹಿಮ ಬೀಳತೊಡಗಿತ್ತು. ಕುಡಿದಿರಲಿಲ್ಲ, ಆ ರಸ್ತೆಗೆ ವೇಗ ಹೆಚ್ಚಾಗಿತ್ತು ಎಂದು ಬರೆದುಕೊಂಡು ಹೋದರು. ಜನ ನಂಬಿದ್ದು ನೀಲೊನನ್ನು. ಬ್ರೇಕು ಹೇಗೆ ಹಿಡಿಯಬೇಕೆಂದು ಊರಿಗೆ ಕಲಿಸಿದವನು ಬ್ರೇಕನ್ನೇ ಮುಟ್ಟಲಿಲ್ಲ ಎಂದರೆ ಅರ್ಥವೇನು? ಖಾಲಿ ಕಟ್ಟೆಯ ಮೇಲೆ ಕೂತದ್ದು ನೆನಪಾಯಿತು. ಡೈರಿ ಕೊಟ್ಟ ಗಡಿಯಾರವನ್ನು ಸೌನಾದ ಕಿಟಕಿಯಲ್ಲೇ ಬಿಟ್ಟು ಹೋಗಿದ್ದ ಎಂಬುದು ಹೇಗೋ ಹೊರಬಿತ್ತು. ಬಿಸಿಗೆ ಲೋಹ ಮೈ ಸುಡುತ್ತದೆ, ಅದಕ್ಕೇ ಎಲ್ಲರೂ ಬಿಚ್ಚಿಡುತ್ತಾರೆ, ಎಲ್ಲರೂ ಮರೆಯುತ್ತಾರೆ. ಆದರೆ ಸತ್ತವನ ಮರೆವು ಮರೆವಾಗಿ ಉಳಿಯುವುದಿಲ್ಲ.

ಮಾರನೆಯ ದಿನ ನೀಲೊ ಹೋಗಿ ತಮ್ಮನ ಬಲೆ ಎಳೆದು, ಮೀನನ್ನು ಬಕೆಟ್ಟಿನಲ್ಲಿ ತಂದು ಸೈಮಿಯ ಬಾಗಿಲಲ್ಲಿ ಇಟ್ಟು ಹೋದ. ಅವಳು ಶುಚಿ ಮಾಡಿದಳು, ಬೇಯಿಸಿದಳು, ತಿಂದಳು. ಸಾಯುವವನು ಬಲೆ ಬಿಡುತ್ತಾನೆಯೇ ಎಂದು ತಿನ್ನುತ್ತಲೇ ಯೋಚಿಸಿದಳು.

ಮಣ್ಣು ಮಾಡಿದ ದಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಎಲ್ಲರಿಗೂ ಕಾಫಿ, ಏಲಕ್ಕಿ ಹಾಕಿದ ಬನ್ನು. ಸೈಮಿ ಲೋಟ ಹಿಡಿದು ನೀಲೊನ ಮುಂದೆ ಹೋಗಿ ನಿಂತಳು.

"ನೀನು ಹಾಗಂದ್ಯಂತೆ."

"ಕಂಡಿದ್ದನ್ನ ಅಂದೆ."

"ಏನು ಕಂಡೆ?"

"ಮೇಲಿಂದ ದಿಮ್ಮಿ ತನಕ ಚಕ್ರ ಸಲೀಸಾಗಿ ಉರುಳಿದೆ, ಸೈಮಿ. ಟಯರಿನ ಅಚ್ಚು ಅಚ್ಚಾಗೇ ಇದೆ. ಒಂದು ಗೀರೂ ಇಲ್ಲ."

"ಬಲೆ ಬಿಟ್ಟಿದ್ದ."

"ಕೈ ಅಭ್ಯಾಸ. ಕೈಗೆ ಏನು ಗೊತ್ತಿರುತ್ತೆ?" ಎಂದ ನೀಲೊ. ಅವನ ಕಣ್ಣು ಕೆಂಪಾಗಿತ್ತು. ಸುಳ್ಳು ಹೇಳುವ ಮನುಷ್ಯನಲ್ಲ. ಅದೇ ಕಷ್ಟ. ಸುಳ್ಳನಾಗಿದ್ದರೆ ಕಾಫಿಯನ್ನು ಮುಖಕ್ಕೆ ಎರಚಿ ಮನೆಗೆ ಹೋಗಬಹುದಿತ್ತು.

ಆ ದಿನದಿಂದ ಅವರಿಬ್ಬರಿಗೆ ಮಾತಿಲ್ಲ.

ಸೈಮಿ ಅಳಲಿಲ್ಲ. ಅಳುವ ಜಾಗದಲ್ಲಿ ಸಿಟ್ಟು ಬಂದು ಕೂತಿತು. ಏನಾದ್ರೂ ಬೇಕಾ ಎಂದು ಕೇಳಿದ್ದನಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳಿದನೇ? ಪಕ್ಕದಲ್ಲಿ ಮಲಗಿ, ಅವಳು ಮಾಡಿದ ಗಂಜಿ ಕುಡಿದು, ತಟ್ಟೆ ತೊಳೆದಿಟ್ಟು, ದಿಮ್ಮಿಯ ಕಡೆ ನೆಟ್ಟಗೆ ಓಡಿಸಿಕೊಂಡು ಹೋದನೇ? ಅವಳ ಹಸುಗಳೂ ಹೋಗಿದ್ದವು. ಅವಳಿಗೂ ಬೆಳಗ್ಗೆ ಏಳಲು ಕಾರಣ ಉಳಿದಿರಲಿಲ್ಲ. ಅವಳೂ ಎದ್ದಿದ್ದಳಲ್ಲ, ಅವನಿಗಾಗಿ. ಬೇಸಿಗೆ ಬಂದು ನೆಲ ಕರಗಿ ಕಲ್ಲು ನೆಡುವ ಕಾಲ ಬಂದಾಗ ಆ ಸಿಟ್ಟೇ ಕಲ್ಲು ಕೆತ್ತುವವನ ಹತ್ತಿರ ಹೋಗಿ, ನನ್ನ ಹೆಸರು ಬೇಡ ಎಂದು ಹೇಳಿ ಬಂತು. ಹೇಳಿದ್ದರಿಂದ ಅವಳಿಗೆ ಬಲ ಬಂದಿತು ಎಂಬುದೂ ನಿಜ. ಒಬ್ಬಂಟಿ ಮನೆಯಲ್ಲಿ ಸಿಟ್ಟು ಒಲೆಯ ಹಾಗೆ. ಅದರ ಹತ್ತಿರ ಕೂರಬಹುದು.

ಮುಂದಿನ ಚಳಿಗಾಲ ಅವಳಿಗೆ ರಕ್ತದೊತ್ತಡ ಹೆಚ್ಚಾಯಿತು. ನೀಲೊನ ಮಗಳು ಮೀರ್ಯಾ ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ನರ್ಸು. ಅಪ್ಪನಿಗೂ ಚಿಕ್ಕಮ್ಮನಿಗೂ ಮಾತಿಲ್ಲದಿದ್ದರೂ ಅವಳು ಬರುವುದನ್ನು ಬಿಟ್ಟಿರಲಿಲ್ಲ. ಅವಳಿಗೆ ಆ ವರ್ಷ ಹೊಸ ಕಾರು ಬಂದಿತ್ತು. ಡಾಕ್ಟರಿಗೆ ತೋರಿಸಲು ಸೈಮಿಯನ್ನು ಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಹಿಟ್ಟು ಜರಡಿ ಹಿಡಿದ ಹಾಗೆ ತೆಳ್ಳಗೆ ಹಿಮ ಬಿದ್ದಿತ್ತು, ಕೆಳಗೆ ಗಡ್ಡೆ. ತಿರುವು ದಾಟಿದ್ದೇ ರಸ್ತೆಯ ನಡುವೆ ಹಿಮಸಾರಂಗಗಳು. ಅವು ಸರಿಯುವ ಜಾತಿಯಲ್ಲ. ಮೀರ್ಯಾ ಬೈಯುತ್ತ ಬ್ರೇಕನ್ನು ನೆಲಕ್ಕೆ ತುಳಿದಳು. ಕೆಳಗೆ ದಡದಡ ಎಂದಿತು. ಕಾರು ಸಾರಂಗದ ಮೂತಿಯ ಹತ್ತಿರ ಹೋಗಿ ನಿಂತಿತು.

"ಉಸಿರಾಡ್ತಿದೀಯಾ ಚಿಕ್ಕಮ್ಮ?" ಎಂದಳು ಮೀರ್ಯಾ. "ನಿನ್ನ ಬಿ.ಪಿ. ಈಗ ನೋಡ್ಬೇಕು."

ಸೈಮಿ ಬಾಗಿಲು ತೆಗೆದು ಇಳಿದಳು. ಸಾರಂಗಗಳನ್ನು ಓಡಿಸಲು ಮೀರ್ಯಾ ಮುಂದೆ ಹೋದಳು. ಸೈಮಿ ಕಾರು ಹಿಡಿದುಕೊಂಡು ಹಿಂದೆ ತಿರುಗಿದಳು. ಒಂದು ವರ್ಷದಿಂದ ಅವಳಿಗೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದ ಜಾಡು ಅಲ್ಲಿತ್ತು. ಚಕ್ರ ಸಲೀಸಾಗಿ ಉರುಳಿತ್ತು. ಟಯರಿನ ಅಚ್ಚು ಅಚ್ಚಾಗೇ ಇತ್ತು. ಒಂದು ಉದ್ದ ಗೀರೂ ಇರಲಿಲ್ಲ.

ಅವಳು ರಸ್ತೆಯಲ್ಲೇ ಮಂಡಿಯೂರಿದಳು. ಬಿದ್ದಳು ಎಂದುಕೊಂಡು ಮೀರ್ಯಾ ಓಡಿಬಂದಳು.

"ನೀನು ಬ್ರೇಕು ತುಳಿದೆ ಅಲ್ವಾ?" ಎಂದು ಸೈಮಿ ಕೇಳಿದಳು.

"ತುಳೀದೆ ಮತ್ತೇನು? ಕಾಲು ಮುರಿಯೋ ಹಾಗೆ ತುಳಿದೆ."

"ಕರು ಗುದ್ದಿದ ಹಾಗೆ ಗುದ್ದಿತಾ?"

ಮೀರ್ಯಾ ಚಿಕ್ಕಮ್ಮನ ಹಣೆ ಮುಟ್ಟಿ ನೋಡಿದಳು. ಸೈಮಿ ಅವಳ ಕೈ ಸರಿಸಿದಳು. ಗಾಡಿ ತಿರುಗಿಸು, ಕೆರೆಗೆ ಹೋಗೋಣ ಎಂದಳು. ಡಾಕ್ಟರು ಕಾಯಲಿ. ದಾರಿಯಲ್ಲಿ ಏನು ಮಾಡಬೇಕೆಂದು ಹೇಳಿದಳು. ಮೀರ್ಯಾ ಕೇಳುತ್ತ ಕೇಳುತ್ತ ಬಿಳುಚಿಕೊಂಡಳು.

ಕೆರೆಯ ಮೇಲೆ ಮೀರ್ಯಾ ಎರಡು ಸಲ ಓಡಿಸಿದಳು. ಒಂದು ಸಲ ಬ್ರೇಕು ಮುಟ್ಟದೆ, ತಾನಾಗಿ ನಿಲ್ಲುವವರೆಗೆ ಉರುಳಲು ಬಿಟ್ಟಳು. ಪಕ್ಕದಲ್ಲಿ ಇನ್ನೊಂದು ಸಲ ಪೂರ್ತಿ ತುಳಿದಳು. ಆಮೇಲೆ ಸೈಮಿ ದಡ ಹತ್ತಿ ನೀಲೊನ ಮನೆಗೆ ನಡೆದಳು. ಅವನು ಕಿಟಕಿಯ ಹತ್ತಿರ ಬಲೆ ಹೆಣೆಯುತ್ತ ಕೂತಿದ್ದ. ಅವಳು ಹೊಸ್ತಿಲು ದಾಟಲಿಲ್ಲ.

"ಕೋಟು ಹಾಕ್ಕೋ. ಒಂದು ಜಾಡು ಓದೋದಿದೆ."

ಬೇರೆ ಯಾವ ಮಾತಿಗಾದರೂ ಅವನು ಏಳುತ್ತಿರಲಿಲ್ಲವೇನೋ. ಎದ್ದ.

ಕೆರೆಯ ಮೇಲೆ ಮಗಳು ಕಾರಿಗೆ ಒರಗಿ ನಿಂತಿದ್ದಳು, ಅಪ್ಪನ ಮುಖ ನೋಡಲಿಲ್ಲ. ನೀಲೊ ಎರಡು ಜಾಡಿನ ನಡುವೆ ಕೈ ಹಿಂದೆ ಕಟ್ಟಿಕೊಂಡು ನಡೆದುಹೋದ, ನಡೆದುಬಂದ. ಎರಡನೆಯದರ ಮೇಲೆ ಸ್ವಲ್ಪ ತಡೆದ.

"ಇದು ಚೂರು ಒರಟು. ಗಡ್ಡೆ ಒರಟಿರ್ಬೇಕು," ಎಂದ. "ಎರಡೂ ಸುಮ್ನೆ ಉರುಳಿ ನಿಂತಿದಾವೆ. ಇದ್ರಲ್ಲಿ ಓದೋಕೆ ಏನಿದೆ?"

"ಅದ್ರಲ್ಲಿ ಬ್ರೇಕು ತುಳಿದಿದೆ ನೀಲೊ. ಪೂರ್ತಿ."

"ಇಲ್ಲ."

"ಮಗಳನ್ನ ಕೇಳು."

ನೀಲೊ ಮಗಳ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅವನು ಟೊಪ್ಪಿ ತೆಗೆದ. ಆ ಚಳಿಯಲ್ಲಿ ಬರಿದಲೆಯಲ್ಲಿ ನಿಂತ. ಆಮೇಲೆ ಒಂದು ಮಂಡಿ ಊರಿದ, ಇನ್ನೊಂದನ್ನೂ ಊರಿದ. ಕೈಗವಸಿನಿಂದ ಮೇಲಿನ ಪುಡಿ ಹಿಮವನ್ನು ಮೆಲ್ಲಗೆ ಸರಿಸಿದ, ಬಾಯಿಂದ ಊದಿದ. ಕೆಳಗಿನ ಗಡ್ಡೆಯ ಮೇಲೆ ಚಿಕ್ಕ ಚಿಕ್ಕ ಗೀರು. ಒಂದು ಗೀರು, ಒಂದು ಬಿಡುವು, ಒಂದು ಗೀರು, ಒಂದು ಬಿಡುವು. ಲಂಗದ ಅಂಚಿಗೆ ಹಾಕಿದ ಹೊಲಿಗೆಯ ಹಾಗೆ. ಚಕ್ರ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಬಂದದ್ದರ ಗುರುತು. ಅವನು ಮಂಡಿಯ ಮೇಲೇ ಮುಂದೆ ಸರಿಯುತ್ತ ಬಹಳ ದೂರ ಊದಿಕೊಂಡು ಹೋದ. ಮುದುಕ ಹಾಗೆ ತೆವಳುವುದನ್ನು ನೋಡಲಾಗದೆ ಮೀರ್ಯಾ ಅಳತೊಡಗಿದಳು.

ಸೈಮಿ ಅವನ ಪಕ್ಕಕ್ಕೆ ಹೋಗಿ ನಿಂತಳು.

"ಆವತ್ತು ಬಗ್ಗಿ ನೋಡಿದ್ಯಾ?"

ಅವನು ತಲೆ ಎತ್ತಲಿಲ್ಲ.

"ಇಲ್ಲ."

"ಯಾಕೆ? ಮೊಲಕ್ಕೆ ಬಗ್ತೀಯ. ನರಿಗೆ ಬಗ್ತೀಯ."

"ಅವನು ಅಲ್ಲೇ ಇದ್ನಲ್ಲ, ಸೈಮಿ. ಎದುರಿಗೇ. ಬಗ್ಗಿದ್ರೆ ನಾನು ಎದ್ದೇಳ್ತಿರ್ಲಿಲ್ಲ."

ಗಾಳಿ ಬೀಸಿತು. ಹಿಮದ ಪುಡಿ ಹರಿದುಬಂದು ಅವನು ಬಿಡಿಸಿದ ಗೀರುಗಳನ್ನು ಮತ್ತೆ ಮುಚ್ಚತೊಡಗಿತು.

"ಒತ್ತಿದ್ನಾ ಹಾಗಾದ್ರೆ?" ಎಂದಳು.

"ಗೊತ್ತಿಲ್ಲ."

"ನೀನು ಊರಿಗೆ ಹೇಳಿದ್ದು ಅದಲ್ಲ."

"ಗೊತ್ತಿಲ್ಲ ಅಂತ ಈಗ ಹೇಳ್ತಿದೀನಲ್ಲ."

"ನನಗಲ್ಲ. ಅಂಗಡಿಗೆ ಹೋಗಿ ಹೇಳು."

ನೀಲೊ ಎದ್ದು ನಿಲ್ಲಲು ಕೈ ಚಾಚಿದ. ಅವಳು ಕೈ ಕೊಡಲಿಲ್ಲ. ಮಗಳು ಬಂದು ಎತ್ತಿದಳು.

ಮೀರ್ಯಾಳಿಂದ ಬೀಗದ ಕೈ ಇಸಿದುಕೊಂಡು ಸೈಮಿ ಡ್ರೈವರಿನ ಸೀಟಿನಲ್ಲಿ ಕೂತಳು. ಬಹಳ ವರ್ಷದ ಮೇಲೆ. ಆ ಕೆರೆಯ ಮೇಲೆಯೇ ಅವನು ಒತ್ತು, ಬಿಡು ಎಂದು ಕಲಿಸಿದ್ದು. ದಡಕ್ಕೆ ಬೆನ್ನು ಮಾಡಿ ಓಡಿಸಿದಳು, ಬ್ರೇಕು ತುಳಿದಳು. ಪೆಡಲು ಅಂಗಾಲಿಗೆ ಗುದ್ದಿತು. ಅವನು ಹೇಳಿದ ಹಾಗೇ, ಹಸಿದ ಕರು ಕೆಚ್ಚಲಿಗೆ ಗುದ್ದಿದ ಹಾಗೆ. ಅವಳ ಕಾಲು ಹಳೆಯ ಅಭ್ಯಾಸಕ್ಕೆ ಮೇಲೇಳಲು ನೋಡಿತು. ಅವಳು ಎತ್ತಲಿಲ್ಲ. ಒತ್ತಿಕೊಂಡೇ ಇದ್ದಳು. ಕಾರು ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು. ಪುಡಿ ಹಿಮದ ಮೇಲೆ ಅದು ಬೇಗ ನಿಲ್ಲುವುದಿಲ್ಲ. ಎದುರಿಗೆ ಏನೂ ಇಲ್ಲದ್ದರಿಂದ ನಿಲ್ಲುವವರೆಗೆ ಸಮಯವಿತ್ತು. ಆ ಸಮಯದಲ್ಲಿ ಅವಳಿಗೆ ದಿಮ್ಮಿಗಳು ಕಂಡವು.

ಮನೆಗೆ ಬಂದು ಅತ್ತಳು. ಗಂಡ ಸತ್ತು ವರ್ಷವಾದ ಮೇಲೆ ಮೊದಲ ಸಲ. ಸಿಟ್ಟು ಹೋದರೆ ಹಗುರವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಇಷ್ಟು ದಿನ ಅವಳು ಕಂಡಿದ್ದು ಕಾಲು ಎತ್ತಿ ಸುಮ್ಮನೆ ಕೂತು ಹೋದ ಗಂಡನನ್ನು. ಅವನಿಗೆ ಬೈಯಬಹುದಿತ್ತು. ಈಗ ಕಂಡವನು ಬೇರೆ. ಇಳಿಜಾರಿನ ತಲೆಯಲ್ಲೇ ಲಾರಿ ನೋಡಿದ್ದಾನೆ. ತುಳಿದಿದ್ದಾನೆ. ಪೆಡಲು ಗುದ್ದುತ್ತಿದೆ, ಹೆದರಿ ಕಾಲು ತೆಗೆಯಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ತನ್ನ ಕೈಲಿ ಇನ್ನೇನೂ ಇಲ್ಲ. ಯಂತ್ರ ಹಿಡಿಯುತ್ತದೆ, ಬಿಡುತ್ತದೆ. ದಿಮ್ಮಿ ಹತ್ತಿರ ಬರುತ್ತದೆ. ಅವನು ಮನೆಗೆ ಬರಲು ನೋಡುತ್ತಿದ್ದಾನೆ. ಇವನಿಗೆ ಬೈಯಲು ಏನಿದೆ?

ಯಾವುದು ನಿಜ ಎಂದು ಯಾರೂ ಹೇಳಲಾರರು. ನೋಡಬೇಕಾದವನು ನೋಡಲಿಲ್ಲ, ಹಿಮ ಬಿತ್ತು, ರಸ್ತೆಯ ಹಿಮ ಸವರುವ ಗಾಡಿ ಸವರಿಕೊಂಡು ಹೋಯಿತು.

ನೀಲೊ ಅಂಗಡಿಗೆ ಹೋದನಂತೆ. ಕೋಟು ಬಿಚ್ಚದೆ ನಿಂತು, ತಮ್ಮನ ಜಾಡು ನಾನು ಓದಿದ್ದು ತಪ್ಪಿರಬಹುದು, ನನಗೆ ಗೊತ್ತಿಲ್ಲ ಎಂದು ಹೇಳಿ, ಏನೂ ಕೊಳ್ಳದೆ ಬಂದನಂತೆ. ಮುದುಕನಿಗೆ ಮರುಳು ಹತ್ತಿತು ಎಂದು ಕೆಲವರು ಅಂದರು. ಸೈಮಿಯ ಬಾಯಿಗೆ ಹೆದರಿದ ಎಂದು ಕೆಲವರು. ಆರ್ಮಸ್ ಬೇಕೆಂದೇ ಸತ್ತ ಎನ್ನುವವರು ಇವತ್ತಿಗೂ ಇದ್ದಾರೆ. ಆದರೆ ಆ ಚಳಿಗಾಲದಲ್ಲಿ ಹೊಸ ಕಾರಿದ್ದ ಒಬ್ಬಿಬ್ಬರು ಖಾಲಿ ರಸ್ತೆಯಲ್ಲಿ ಬ್ರೇಕು ತುಳಿದು, ಇಳಿದು ಹಿಂದೆ ಹೋಗಿ ಬಗ್ಗಿದ್ದನ್ನು ಮೀರ್ಯಾ ನೋಡಿದಳು. ಮುಂದಿನ ಬಲೆಯ ಮೀನು ಸೈಮಿಯ ಬಾಗಿಲಿಗೆ ಬಂತು. ಅವಳು ಬಕೆಟ್ಟು ತೊಳೆದು ಏಲಕ್ಕಿ ಬನ್ನು ಹಾಕಿ ವಾಪಸು ಕಳಿಸಿದಳು. ಮಾತು ಶುರುವಾಗಲು ಇನ್ನೂ ಬಹಳ ದಿನ ಹಿಡಿಯಿತು. ಹಳೆಯ ಹಾಗೆ ಅದು ಆಗಲೇ ಇಲ್ಲ.

ನೆಲ ಕರಗಿದ ಮೇಲೆ ಅವಳು ಕಲ್ಲು ಕೆತ್ತುವವನನ್ನು ಕರೆಸಿದಳು. ಅವನು ಉಳಿ, ಸುತ್ತಿಗೆ ತೆಗೆದುಕೊಂಡು ಚರ್ಚಿನ ಹಿಂದೆ ಬಂದ. ಪೆನ್ಸಿಲು ಕಿವಿಯ ಮೇಲೇ ಇತ್ತು.

"ಬದಲಾಯ್ತು ಅನ್ನು," ಎಂದ.

"ಕೆತ್ತು."

"ಗೊತ್ತಾಯ್ತಾ ಮತ್ತೆ? ಏನಾಯ್ತು ಅಂತ?"

"ಗೊತ್ತಾಗ್ಲಿಲ್ಲ. ನೀನು ಕೆತ್ತು."

ಅವನು ಗೆರೆ ಎಳೆದುಕೊಂಡು ಶುರು ಮಾಡಿದ. ಆರ್ಮಸ್‌ನ ಹೆಸರಿನ ಕೆಳಗೆ ಕಲ್ಲಿನ ಪುಡಿ ಉದುರತೊಡಗಿತು. ಸೈಮಿ ಎದುರಿನ ಬೆಂಚಿನ ಹಲಗೆಯ ಮೇಲೆ ಕೂತಿದ್ದಳು. ಸೊಳ್ಳೆಗಳು ಬಂದಿದ್ದವು. ಸುತ್ತಿಗೆ ಬಡಿಯಿತು, ನಿಂತಿತು, ಬ‍ಡಿಯಿತು. ಆ ಕೆರೆಯ ದಿನದಿಂದ ಅವಳಿಗೊಂದು ಅಭ್ಯಾಸವಾಗಿತ್ತು. ಕುರ್ಚಿಯಲ್ಲಿ ಕೂತರೂ ಹಾಸಿಗೆಯಲ್ಲಿ ಮಲಗಿದರೂ ಅದು ಬಿಡುತ್ತಿರಲಿಲ್ಲ. ಈಗಲೂ, ಅವನು ಅವಳ ಹೆಸರಿನ ಕೊನೆಯ ಅಕ್ಷರ ಮುಗಿಸುವವರೆಗೂ, ಅವಳ ಬಲಗಾಲು ಹಲಗೆಯ ಕೆಳಗಿನ ಹಸಿ ಮಣ್ಣನ್ನು ಒತ್ತಿಕೊಂಡೇ ಇತ್ತು.